ಏರುವ ಕಡಲು, ಇಳಿಯಬೇಕಾದ ಕೊಳಚೆ ನೀರು



ನಗರದ ಕೊಳಚೆ ನೀರು ಶುದ್ಧಿಯಾಗುವ ಸ್ಥಳವನ್ನು ನೋಡಲು ಸಾಮಾನ್ಯವಾಗಿ ಯಾರೂ ಹೋಗುವುದಿಲ್ಲ. ಅದು ಕೆಲಸ ನಿಲ್ಲಿಸಿದ ದಿನ ಮಾತ್ರ ಅದರ ಅಸ್ತಿತ್ವ ಪ್ರತಿ ಮನೆಯ ಬಚ್ಚಲಿಗೂ ತಿಳಿಯುತ್ತದೆ.

ಚೆನ್ನೈ ನಗರದ ನೀರು ಸರಬರಾಜು ಹಾಗೂ ಒಳಚರಂಡಿ ವ್ಯವಸ್ಥೆಯನ್ನು 1978ರಲ್ಲಿ ಸ್ಥಾಪಿತವಾದ ಮಂಡಳಿಯೊಂದು ನಿರ್ವಹಿಸುತ್ತಿದೆ. ಕೊಡುಂಗೈಯೂರು, ಕೋಯಂಬೇಡು, ನೆಸಪಾಕ್ಕಂ ಮತ್ತು ಪೆರುಂಗುಡಿಗಳು ಅದರ ಪ್ರಮುಖ ಶುದ್ಧೀಕರಣ ಕೇಂದ್ರಗಳು. ಇವುಗಳಲ್ಲಿ ಪೆರುಂಗುಡಿಯ ಸ್ಥಿತಿ ವಿಶೇಷವಾಗಿ ಗಮನಾರ್ಹವಾದುದು. ಅದು 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಪಳ್ಳಿಕರಣೈ ಜವುಗು ಪ್ರದೇಶದ ಅಂಚಿನಲ್ಲಿದೆ. ಈ ಜವುಗಿನ ನೀರು ಒಕ್ಕಿಯಂ ಮಡುವಿನ ಮೂಲಕ ಬಕಿಂಗ್‌ಹ್ಯಾಮ್ ಕಾಲುವೆಯನ್ನು ಸೇರಿ, ದಕ್ಷಿಣಕ್ಕೆ ಹರಿದು, ಮುಟ್ಟುಕಾಡಿನ ಅಳಿವೆಯಲ್ಲಿ ಸಮುದ್ರಕ್ಕೆ ಬೀಳಬೇಕು. ನೆಲವೋ ಬಹುತೇಕ ಸಮತಟ್ಟು. ಇಂಥಲ್ಲಿ ಒಂದೊಂದು ಅಂಗುಲದ ಇಳಿಜಾರಿಗೂ ಬೆಲೆಯುಂಟು.

1901ರಿಂದ 2018ರ ಅವಧಿಯಲ್ಲಿ ಜಗತ್ತಿನ ಸರಾಸರಿ ಸಮುದ್ರ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆಯೆಂದೂ, 2006ರಿಂದೀಚೆಗೆ ಏರಿಕೆಯ ವೇಗ ವರ್ಷಕ್ಕೆ 3.7 ಮಿಲಿಮೀಟರ್ ಮುಟ್ಟಿದೆಯೆಂದೂ ಹವಾಮಾನ ಬದಲಾವಣೆ ಕುರಿತ ಅಂತರ ಸರ್ಕಾರಿ ಸಮಿತಿಯು 2021ರ ವರದಿಯಲ್ಲಿ ತಿಳಿಸಿದೆ. ಕೇಳಲು ಇದು ಅಲ್ಪವೆನಿಸಬಹುದು. ಆದರೆ ಕಡಲು ಏರಿದಷ್ಟೂ ಕಾಲುವೆಯ ಇಳಿಜಾರು ಕುಗ್ಗುತ್ತದೆ. ಉಬ್ಬರದ ಹೊತ್ತಿನಲ್ಲಿ ಭಾರಿ ಮಳೆಯೂ ಸುರಿದರೆ ನೀರು ಹೊರಹೋಗುವ ಬದಲು ಹಿಂದಕ್ಕೆ ಒತ್ತುತ್ತದೆ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಮಳೆ ನಿಂತ ಮೇಲೂ ವೇಳಚ್ಚೇರಿ, ಪಳ್ಳಿಕರಣೈ ಭಾಗದ ಬಡಾವಣೆಗಳಲ್ಲಿ ನೀರು ದಿನಗಟ್ಟಲೆ ನಿಂತಿದ್ದುದನ್ನು ಇಲ್ಲಿ ಸ್ಮರಿಸಬಹುದು.

ಹೀಗಿರಲು ಶುದ್ಧೀಕರಣ ಕೇಂದ್ರದ ಸುತ್ತ ಎತ್ತರದ ಗೋಡೆ ಕಟ್ಟಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಗೋಡೆ ಬೇಕು, ಆದರೆ ಅಪಾಯವು ಹೆಚ್ಚಾಗಿ ಹಿತ್ತಲ ಬಾಗಿಲಿನಿಂದ, ಎಂದರೆ ಶುದ್ಧವಾದ ನೀರು ಹೊರಬೀಳುವ ಕೊಳವೆಯಿಂದಲೇ ಬರುತ್ತದೆ. ಅಲ್ಲಿ ಒಳಮುಖ ಹರಿವನ್ನು ತಡೆಯುವ ಕವಾಟವಿರಬೇಕು. ಕವಾಟ ಮುಚ್ಚಿದಾಗ ನೀರನ್ನು ಎತ್ತಿ ಹಾಕಲು ಪಂಪುಗಳಿರಬೇಕು. ಆ ಪಂಪುಗಳ ವಿದ್ಯುತ್ ಫಲಕಗಳೂ ಜನರೇಟರುಗಳೂ ನೆರೆಯ ಮಟ್ಟಕ್ಕಿಂತ ಮೇಲಿರಬೇಕು. ಇನ್ನೊಂದು ತೊಡಕು ಉಪ್ಪಿನದು. ಕೊಳಚೆಯನ್ನು ಅರಗಿಸಿ ಶುದ್ಧಮಾಡುವವು ಸೂಕ್ಷ್ಮಜೀವಿಗಳು. ಬಿರುಕುಬಿಟ್ಟ ಕೊಳವೆಗಳ ಮೂಲಕ ಉಪ್ಪು ನೀರು ಹಠಾತ್ತನೆ ನುಗ್ಗಿದರೆ ಅವು ಸೊರಗುತ್ತವೆ. ಸೊರಗಿದ ಜೀವರಾಶಿ ಮತ್ತೆ ಚೇತರಿಸಿಕೊಳ್ಳಲು ಕಾಲ ಹಿಡಿಯುತ್ತದೆ.

ಅಮೆರಿಕದ ಬಾಸ್ಟನ್ ನಗರದ ಡೀರ್ ದ್ವೀಪದ ಕೇಂದ್ರವನ್ನು ಸಮುದ್ರ ಏರಿಕೆಯನ್ನು ಮುಂಗಂಡು ಸುಮಾರು ಅರ್ಧ ಮೀಟರಿನಷ್ಟು ಎತ್ತರಿಸಿಯೇ ವಿನ್ಯಾಸಗೊಳಿಸಲಾಯಿತು. ಕಟ್ಟುವ ಮೊದಲೇ ಮಾಡಿದ ಈ ಲೆಕ್ಕ ಅಗ್ಗದ್ದು. ಕಟ್ಟಿದ ಮೇಲೆ ಎತ್ತರಿಸುವುದು ದುಬಾರಿ. ಮಂಗಳೂರು, ಕಾರವಾರಗಳಂಥ ನಗರಗಳಿಗೂ ಈ ಮಾತು ಅನ್ವಯಿಸುತ್ತದೆ.

ಚೆನ್ನೈ ಇನ್ನೊಂದು ದಾರಿಯನ್ನೂ ತೆರೆದಿದೆ. ತೀವ್ರ ನೀರಿನ ಬರ ಕಂಡ 2019ರಲ್ಲಿಯೇ ಕೊಡುಂಗೈಯೂರು ಮತ್ತು ಕೋಯಂಬೇಡುಗಳಲ್ಲಿ ದಿನಕ್ಕೆ ತಲಾ 4.5 ಕೋಟಿ ಲೀಟರ್ ಕೊಳಚೆ ನೀರನ್ನು ಉನ್ನತ ಮಟ್ಟಕ್ಕೆ ಶುದ್ಧೀಕರಿಸಿ ಕೈಗಾರಿಕೆಗಳಿಗೆ ಒದಗಿಸುವ ಘಟಕಗಳು ಆರಂಭವಾದವು. ಹೀಗೆ ಕೊಳವೆಯಲ್ಲಿ ಕಾರ್ಖಾನೆಗೆ ಸಾಗುವ ನೀರು ಕಡಲಿನ ಇಳಿತಕ್ಕಾಗಿ ಕಾಯಬೇಕಾಗಿಲ್ಲ.

ನಾಗರಿಕರ ಪಾಲಿನ ಕೆಲಸವೂ ಒಂದುಂಟು. ಮಳೆಗಾಲದಲ್ಲಿ ಅಂಗಳದ ನೀರು ಬೇಗ ಇಂಗಲೆಂದು ಮ್ಯಾನ್‌ಹೋಲಿನ ಮುಚ್ಚಳ ತೆಗೆಯುವ ರೂಢಿ ಹಲವೆಡೆ ಇದೆ. ಆ ಮಳೆನೀರೆಲ್ಲ ಶುದ್ಧೀಕರಣ ಕೇಂದ್ರವನ್ನೇ ಸೇರುತ್ತದೆ. ಅದೂ ಹೊರಗಿನ ಕಾಲುವೆ ತುಂಬಿ ನಿಂತ ಹೊತ್ತಿನಲ್ಲಿಯೇ.