ಮರುನುಡಿಯ ಮಹತ್ತ್ವ



ಜೂರಾಲದ ನಮ್ಮ ಮನೆಗಳಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಉಚ್ಚಾರಭೇದವು ನಮಗೆ ಹೊಸತಲ್ಲ. ಆಕಾಶದಲ್ಲಿ ಅದು ಪ್ರಾಣದ ಪ್ರಶ್ನೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಹಾಗೂ ಕಜಾಕ್ ವಿಮಾನಗಳು ಡಿಕ್ಕಿಯಾಗಿ 349 ಮಂದಿ ಮಡಿದರು. 15,000 ಅಡಿಯಲ್ಲಿ ನಿಲ್ಲಬೇಕಿದ್ದ ಕಜಾಕ್ ವಿಮಾನವು ಇನ್ನೂ ಕೆಳಗಿಳಿದಿತ್ತು. ಅದರ ಚಾಲಕರ ಇಂಗ್ಲಿಷ್ ಜ್ಞಾನದ ಕೊರತೆಯನ್ನೂ ವಿಚಾರಣೆಯು ಕಾರಣಗಳಲ್ಲಿ ಎಣಿಸಿತು.

ಧ್ವನಿ ತಪ್ಪಿ ಕೇಳಬಾರದೆಂದೇ ರೇಡಿಯೋದಲ್ಲಿ 3ಕ್ಕೆ ‘ಟ್ರೀ’, 9ಕ್ಕೆ ‘ನೈನರ್’ ಎನ್ನುವ ಕ್ರಮವಿದೆ. ಹೇಳಿದ ಎತ್ತರವನ್ನು ಚಾಲಕನು ಮರುನುಡಿಯಬೇಕು. ತಿಳಿಯದಿದ್ದರೆ ‘ಸೇ ಅಗೇನ್’, ಮತ್ತೊಮ್ಮೆ ಹೇಳಿ, ಎಂದು ಕೇಳಬೇಕು.

ಮಕ್ಕಳೇ, ತರಗತಿಯಲ್ಲಿಯೂ ತಿಳಿಯದುದಕ್ಕೆ ತಲೆಯಾಡಿಸದೆ ಮತ್ತೊಮ್ಮೆ ಕೇಳಿರಿ. ಹಿರಿಯರೇ, ಬೇಸರಿಸದೆ ಮತ್ತೊಮ್ಮೆ ಹೇಳಿರಿ.