ಕಾಡು ಯಾರದು? ಕಾಗದ ಯಾರದು?

(ಹೂಡಿಯಲ್ಲಿ ನಡೆದ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಸಿಸ್ಟರ್ ಒಬ್ಬರು ನೀಡಿದ ಉಪನ್ಯಾಸ)



ಉಳಿತಾಯ, ಸಾಲದ ವಿಷಯ ಬಿಟ್ಟು ಸಿಸ್ಟರ್ ಇವತ್ತು ಪಾರ್ಲಿಮೆಂಟಿನ ಕಥೆ ಯಾಕೆ ತೆಗೆದರು ಅಂತ ನಿಮಗೆ ಅನ್ನಿಸಬಹುದು. ಕಾರಣ ಇದೆ, ಹೇಳ್ತೀನಿ.

ಹೋದ ಮಳೆಗಾಲದಲ್ಲಿ ಇಲ್ಲೇ ಹತ್ತಿರದ ಕಟ್ಟಡ ಕೆಲಸಗಾರರ ಶೆಡ್ಡುಗಳಿಗೆ ಮಕ್ಕಳ ಲಸಿಕೆಯ ಲೆಕ್ಕ ಬರೆಯಲು ಹೋಗಿದ್ದೆ. ಒಡಿಶಾದ ಒಬ್ಬ ಆದಿವಾಸಿ ತಾಯಿ ಆಧಾರ್ ಕಾರ್ಡು ತೆಗೆಯುವಾಗ ಪ್ಲಾಸ್ಟಿಕ್ ಕವರಿನಿಂದ ಇನ್ನೊಂದು ಕಾಗದವೂ ಹೊರಗೆ ಬಂತು. 'ಇದು ನಮ್ಮ ಜಮೀನಿನ ಪಟ್ಟಾ' ಅಂತ ಹೆಮ್ಮೆಯಿಂದ ತೋರಿಸಿದರು. ಇಂಗ್ಲಿಷಿನಲ್ಲಿತ್ತು. ಓದಿದೆ. ಅದು ಪಟ್ಟಾ ಅಲ್ಲ. ಅವರ ಅರಣ್ಯ ಹಕ್ಕಿನ ಅರ್ಜಿಯನ್ನು ತಿರಸ್ಕರಿಸಲಾಗಿದೆ ಎಂಬ ನೋಟೀಸು. ಕಾರಣವನ್ನೂ ಬರೆದಿರಲಿಲ್ಲ. ನಾಲ್ಕು ವರ್ಷದಿಂದ ಆಕೆ ಆ ಕಾಗದವನ್ನು ಮಳೆಗೆ ನೆನೆಯದ ಹಾಗೆ ಕಾಪಾಡಿಕೊಂಡು ಬಂದಿದ್ದರು. ಅದರಲ್ಲಿ ಏನಿದೆ ಅಂತ ಆಕೆಗೆ ಹೇಳಬೇಕಾದವಳು ನಾನಾದೆ. ಆಕೆ ಅಳಲಿಲ್ಲ. ಕಾಗದವನ್ನು ಮೊದಲಿನ ಹಾಗೇ ಮಡಿಚಿ ಕವರಿನೊಳಗೆ ಇಟ್ಟರು.

ಈ ಕಾಗದದ ಹಿಂದೆ ದೊಡ್ಡ ಇತಿಹಾಸವಿದೆ. 1946ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಜೈಪಾಲ್ ಸಿಂಗ್ ಮುಂಡಾ ಎದ್ದು ನಿಂತರು. 1928ರ ಒಲಿಂಪಿಕ್ಸ್‌ನಲ್ಲಿ ನಮ್ಮ ಹಾಕಿ ತಂಡದ ನಾಯಕರಾಗಿದ್ದವರು ಅವರು. ಆದಿವಾಸಿಗಳಿಗೆ ಪ್ರಜಾಪ್ರಭುತ್ವ ಕಲಿಸಲು ಹೋಗಬೇಡಿ, ಅದನ್ನು ನೀವೇ ಅವರಿಂದ ಕಲಿಯಬೇಕು ಎಂಬ ಅರ್ಥದ ಮಾತನ್ನು ಆ ಸಭೆಗೆ ಹೇಳಿದರು. ಮುಂದೆ ಸಂವಿಧಾನದಲ್ಲಿ ಐದನೇ ಮತ್ತು ಆರನೇ ಅನುಸೂಚಿಗಳು ಬಂದವು. 1996ರಲ್ಲಿ ಭೂರಿಯಾ ಸಮಿತಿಯ ಶಿಫಾರಸಿನ ಮೇಲೆ ಐದನೇ ಅನುಸೂಚಿಯ ಪ್ರದೇಶಗಳಿಗೆ 'ಪೆಸಾ' ಕಾಯಿದೆ ಬಂತು. ಭೂಮಿ, ನೀರು, ಕಾಡಿನ ವಿಷಯದಲ್ಲಿ ಗ್ರಾಮಸಭೆಯ ಮಾತಿಗೆ ಬೆಲೆ ಸಿಕ್ಕಿತು. ಸ್ವ-ಆಡಳಿತ ಅಂದರೆ ಇದೇ.

ಆದರೆ ಒಂದು ಮಾತು ಗಮನಿಸಿ. ಐದನೇ ಅನುಸೂಚಿಯ ಹತ್ತು ರಾಜ್ಯಗಳಲ್ಲಿ ನಮ್ಮ ಕರ್ನಾಟಕ ಇಲ್ಲ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಪರಿಶಿಷ್ಟ ಪಂಗಡದವರು 42 ಲಕ್ಷಕ್ಕೂ ಹೆಚ್ಚು. ಆದರೂ ಸೋಲಿಗರಿಗೆ, ಜೇನು ಕುರುಬರಿಗೆ, ಕೊರಗರಿಗೆ, ಸಿದ್ದಿಗಳಿಗೆ ಪೆಸಾ ಅನ್ವಯಿಸುವುದಿಲ್ಲ. ಕಾಡಿನ ಮೇಲಿನ ಹಕ್ಕಿಗೆ ಅವರ ಕೈಯಲ್ಲಿರುವ ಮುಖ್ಯ ಆಧಾರ 2006ರ ಅರಣ್ಯ ಹಕ್ಕು ಕಾಯಿದೆ.

ಆ ಕಾಯಿದೆ ಸುಮ್ಮನೆ ಬರಲಿಲ್ಲ. 2002ರಲ್ಲಿ ಅರಣ್ಯ ಒತ್ತುವರಿ ತೆರವು ಮಾಡಿ ಎಂದು ಕೇಂದ್ರದಿಂದ ಆದೇಶ ಹೊರಟಿತು. ತಲೆಮಾರುಗಳಿಂದ ಅಲ್ಲೇ ಇದ್ದವರೂ ಒತ್ತುವರಿದಾರರಾದರು. ದೇಶದ ಎಲ್ಲೆಡೆ ಹೋರಾಟ ನಡೆಯಿತು. 2005ರ ಡಿಸೆಂಬರ್ 13ರಂದು ಮಸೂದೆ ಲೋಕಸಭೆಗೆ ಬಂತು. ವಾದ ಎರಡು ಕಡೆಯಿಂದಲೂ ಜೋರಾಗಿತ್ತು. ಕಾಡನ್ನು ಹಂಚಿದರೆ ಹುಲಿ ಉಳಿಯುವುದಿಲ್ಲ ಎಂದು ಕೆಲವರು. ಸರಿಸ್ಕಾದ ಕಾಡಿನಲ್ಲಿ ಒಂದು ಹುಲಿಯೂ ಉಳಿದಿಲ್ಲವೆಂದು ಗೊತ್ತಾದ ಕಾಲ ಅದು. ಆ ಆತಂಕ ಸುಳ್ಳೆಂದು ನಾನು ಹೇಳುವುದಿಲ್ಲ. ಇನ್ನೊಂದು ಕಡೆಯವರು, ಕಾಡು ಇಷ್ಟು ದಿನ ಉಳಿದಿರುವುದೇ ಈ ಜನರಿಂದ, ಅವರನ್ನು ಓಡಿಸಿ ಯಾರಿಂದ ಕಾಯಿಸುತ್ತೀರಿ ಎಂದು ಕೇಳಿದರು.

ಮಸೂದೆ ಕಿಶೋರ್ ಚಂದ್ರ ದೇವ್ ಅವರ ಅಧ್ಯಕ್ಷತೆಯ ಜಂಟಿ ಸಂಸದೀಯ ಸಮಿತಿಗೆ ಹೋಯಿತು. ಸಮಿತಿ ಜನರ ಮಾತು ಕೇಳಿತು. 1980ಕ್ಕೆ ಮೊದಲು ಇದ್ದವರಿಗೆ ಮಾತ್ರ ಎಂದಿದ್ದ ಗಡುವು 2005ರ ಡಿಸೆಂಬರ್ 13ಕ್ಕೆ ಬಂತು. ಎರಡೂವರೆ ಹೆಕ್ಟೇರಿನ ಮಿತಿ ನಾಲ್ಕಾಯಿತು. ಮೂರು ತಲೆಮಾರಿನಿಂದ ಕಾಡನ್ನು ನಂಬಿ ಬದುಕಿದ ಇತರರೂ ಸೇರಿದರು. 2006ರ ಡಿಸೆಂಬರಿನಲ್ಲಿ ಎರಡೂ ಸದನಗಳು ಒಪ್ಪಿದವು. ಈ ಜನರಿಗೆ ಐತಿಹಾಸಿಕ ಅನ್ಯಾಯ ಆಗಿದೆ ಎಂದು ಕಾಯಿದೆಯ ಪೀಠಿಕೆಯಲ್ಲೇ ಸರ್ಕಾರ ಒಪ್ಪಿಕೊಂಡಿತು. ಕೊರತೆಯೂ ಉಳಿಯಿತು. ಕೊನೆಯ ತೀರ್ಮಾನ ಗ್ರಾಮಸಭೆಯ ಕೈಯಲ್ಲಿ ಉಳಿಯದೆ ಜಿಲ್ಲಾ ಸಮಿತಿಗೆ ಹೋಯಿತು.

ಇದನ್ನು 2023ರ ಅರಣ್ಯ ಸಂರಕ್ಷಣಾ ತಿದ್ದುಪಡಿಯ ಜೊತೆ ಹೋಲಿಸಿ ನೋಡಿ. ಆಗಲೂ ಜಂಟಿ ಸಮಿತಿ ಇತ್ತು, ಒಂದು ಬದಲಾವಣೆಯನ್ನೂ ಸೂಚಿಸಲಿಲ್ಲ. ಮಣಿಪುರದ ಗದ್ದಲದ ನಡುವೆ ಲೋಕಸಭೆ ಅದನ್ನು ಬೇಗನೆ ಅಂಗೀಕರಿಸಿತು. ಸದನದಲ್ಲಿ ಚರ್ಚೆ ಆದರೆ ಬಡವರಿಗೆ ಏನು ಸಿಗುತ್ತದೆ, ಆಗದಿದ್ದರೆ ಏನು ತಪ್ಪುತ್ತದೆ ಎನ್ನುವುದಕ್ಕೆ ಈ ಎರಡು ಉದಾಹರಣೆ ಸಾಕು.

ನಮ್ಮ ರಾಜ್ಯಕ್ಕೆ ಬರೋಣ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಕಾಯಿ, ಪಾಸೆ ತಂದು ಬದುಕುತ್ತಿದ್ದವರು. 2006ರಲ್ಲಿ ಅದಕ್ಕೂ ತಡೆ ಬಿತ್ತು. 2011ರ ಜನವರಿಯಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಸೋಲಿಗರು ಎದೆಗುಂದಲಿಲ್ಲ. ಪೋಡು ಪೋಡಿನಲ್ಲೂ ಕೂತು, ಹಿರಿಯರಿಂದ ಕೇಳಿ, ತಮ್ಮ ದೇವರ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿದರು. ಅದೇ ವರ್ಷ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರ ಸಿಕ್ಕಿತು.

ನಾಗರಹೊಳೆಯ ಕಥೆ ಬೇರೆ. ಅಲ್ಲಿಂದ 3,418 ಕುಟುಂಬಗಳು ಹೊರಬಿದ್ದಿವೆ ಎಂದು ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಸುಮಾರು ಐವತ್ತು ಜೇನು ಕುರುಬ ಕುಟುಂಬಗಳು ತಮ್ಮ ಹಳೆಯ ಹಾಡಿಗೆ ತಾವೇ ಹಿಂದಿರುಗಿದವು. ಹಿರಿಯರ ಸಮಾಧಿಗಳು ಅಲ್ಲಿವೆ. ಊರು ಎಲ್ಲಿದೆ ಎಂದು ಕೇಳಿದರೆ ಅವರು ತೋರಿಸುವುದು ಆ ಜಾಗವನ್ನೇ.

ಬೈಬಲಿನ ನಾಬೋತನ ದ್ರಾಕ್ಷಿತೋಟ ನೆನಪಿದೆಯಲ್ಲವೇ? ಪಿತ್ರಾರ್ಜಿತ ಭೂಮಿ ಕೊಡಲಾರೆ ಎಂದ ರೈತ ಅವನು. ಅವನನ್ನು ಕೆಡವಲು ಈಜೆಬೆಲಳಿಗೆ ಸೈನ್ಯ ಬೇಕಾಗಲಿಲ್ಲ. ರಾಜಮುದ್ರೆ ಒತ್ತಿದ ಕಾಗದ, ಇಬ್ಬರು ಸುಳ್ಳು ಸಾಕ್ಷಿಗಳು, ಅಷ್ಟೇ ಸಾಕಾಯಿತು. ಅರಣ್ಯ ಹಕ್ಕು ಕಾಯಿದೆ ಇದನ್ನು ತಿರುಗಿಸಿದೆ. ಊರಿನ ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಸಾಕ್ಷಿ. ಹಳೆಯ ಬಾವಿ, ಸಮಾಧಿ, ದೇವರ ಬನವೂ ಸಾಕ್ಷಿ. ಕಾಗದವಿಲ್ಲದವರ ಮಾತಿಗೆ ಕಾನೂನು ಕಿವಿಗೊಟ್ಟಿದೆ.

ಈ ಮಾತಿಗಾಗಿ ಕಷ್ಟಪಟ್ಟವರು ನಮ್ಮವರಲ್ಲೂ ಇದ್ದಾರೆ. ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದ ಯೇಸುಸಭೆಯ ಗುರು ಸ್ಟ್ಯಾನ್ ಸ್ವಾಮಿ, ಮುಂದೆ ಜಾರ್ಖಂಡಿನಲ್ಲಿ ನಿಂತು ಐದನೇ ಅನುಸೂಚಿ, ಪೆಸಾ ಯಾಕೆ ಜಾರಿಯಾಗಿಲ್ಲ ಎಂದು ಕೇಳುತ್ತಲೇ ಇದ್ದರು. 2020ರಲ್ಲಿ ಬಂಧನವಾಯಿತು. 2021ರ ಜುಲೈ 5ರಂದು, ಜಾಮೀನು ಅರ್ಜಿ ಬಾಕಿ ಇರುವಾಗಲೇ, 84ನೇ ವಯಸ್ಸಿನಲ್ಲಿ ತೀರಿಕೊಂಡರು.

ಈಗ ನಮ್ಮ ಹೂಡಿಗೆ. ಈ ಸುತ್ತಿನಲ್ಲಿ ರಾಗಿ ಹೊಲ ನೋಡಿದ ಅಜ್ಜಿಯರು ಇನ್ನೂ ಇದ್ದಾರೆ. ಕಾರ್ಖಾನೆ, ಐಟಿ ಬಂತು, ಕೆಲಸವೂ ಬಂತು. ಆದರೆ ಭೂಮಿ ಕೊಡುವಾಗ ಊರಿನ ಹೆಂಗಸರನ್ನು ಯಾರು ಕೇಳಿದ್ದರು? ಅದಕ್ಕೇ ಆ ಶೆಡ್ಡಿನ ತಾಯಿಯ ನೋವು ನಮಗೆ ಅರ್ಥವಾಗಬೇಕು. ನಾನೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ಎಷ್ಟೋ ವರ್ಷ ಆ ಶೆಡ್ಡುಗಳಲ್ಲಿ ಹೊಲಿಗೆ ಬೇಕಾ, ಟಾನಿಕ್ ಬೇಕಾ ಅಂತ ಕೇಳಿದೆ. ಊರಲ್ಲಿ ನಿಮ್ಮ ಭೂಮಿ ಏನಾಯ್ತಮ್ಮ ಅಂತ ಒಂದು ದಿನವೂ ಕೇಳಲಿಲ್ಲ.

ನಿಮ್ಮಿಂದ ಮೂರು ಕೆಲಸ ಆಗಬೇಕು.

ಒಂದು, ನಿಮ್ಮ ಬೀದಿಯ ಹತ್ತಿರದ ಶೆಡ್ಡುಗಳಲ್ಲಿ ಆದಿವಾಸಿ ಕುಟುಂಬಗಳಿದ್ದರೆ ಪರಿಚಯ ಮಾಡಿಕೊಳ್ಳಿ. ಕಾಗದ ತೋರಿಸಿದರೆ ನಮ್ಮ ಕಚೇರಿಗೆ ಕರೆತನ್ನಿ, ಓದಿ ಹೇಳುತ್ತೇವೆ.

ಎರಡು, ಈ ವಿಷಯಗಳನ್ನು ಅವರಿಗೆ ತಿಳಿಸಿ. ಅರ್ಜಿ ತಿರಸ್ಕರಿಸಿದರೆ ಲಿಖಿತ ಕಾರಣ ಕೊಡಬೇಕು. ಮೇಲ್ಮನವಿಗೆ 60 ದಿನ ಅವಕಾಶವಿದೆ. ಪರಿಶೀಲನೆ ಮುಗಿಯುವ ತನಕ ಒಕ್ಕಲೆಬ್ಬಿಸುವ ಹಾಗಿಲ್ಲ. ಹಕ್ಕುಪತ್ರ ಗಂಡ-ಹೆಂಡತಿ ಇಬ್ಬರ ಹೆಸರಿನಲ್ಲೂ ಆಗಬೇಕು.

ಮೂರು, ಗ್ರಾಮಸಭೆ ನಡೆಯುವಾಗ ಅವರು ಊರಿಗೆ ಹೋಗಬೇಕಾದರೆ ಮಕ್ಕಳನ್ನು ನಾಲ್ಕು ದಿನ ನೋಡಿಕೊಳ್ಳಿ. ಕೂಲಿಗೆ ಬಂದವರು ಸಭೆಗೆ ಇಲ್ಲದಿದ್ದರೆ ಅವರ ಮಾತು ಅಲ್ಲಿ ಇರುವುದಿಲ್ಲ. 2013ರಲ್ಲಿ ಅದೇ ಒಡಿಶಾದ ನಿಯಮಗಿರಿಯಲ್ಲಿ 12 ಗ್ರಾಮಸಭೆಗಳು ಸೇರಿ ಗಣಿ ಬೇಡ ಎಂದಾಗ ಆ ಬೆಟ್ಟ ಉಳಿಯಿತು. ಸಭೆಯಲ್ಲಿ ಕೂತವರ ಬಲ ಅದು.

ಆ ತಾಯಿಯ ಅರ್ಜಿಯನ್ನು ಮತ್ತೆ ಪರಿಶೀಲಿಸಬೇಕೆಂದು ಅವರ ಗ್ರಾಮಸಭೆಗೆ ಬರೆದು ಕಳಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಭಾನುವಾರ ಪೂಜೆ ಮುಗಿಸಿ ಬರುವಾಗ ಆಕೆ ಗೇಟಿನ ಹತ್ತಿರ ನಿಂತು 'ಸಿಸ್ಟರ್, ಚಿಟ್ಠಿ?' ಅಂತ ಕೇಳ್ತಾರೆ. ನೀವೂ ಪ್ರಾರ್ಥಿಸಿ. ಪ್ರಾರ್ಥಿಸಿದ ಮೇಲೆ ಶೆಡ್ಡಿನ ಕಡೆ ಒಂದು ಸಲ ಹೋಗಿ ಬನ್ನಿ.