ನೋಮಿನ ಕಜ್ಜಾಯ, ಅಂಗಡಿಯ ಕಜ್ಜಾಯ



ದೀಪಾವಳಿಗೆ ಇನ್ನೂ ಹತ್ತು ಹನ್ನೆರಡು ದಿನ ಇದೆ ಎನ್ನುವಾಗಲೇ ನಮ್ಮ ಕೆಲಮಂಗಲದ ಬೇಕರಿಗಳ ಗಾಜಿನ ಪೆಟ್ಟಿಗೆಯಲ್ಲಿ ಒಂದು ಬದಲಾವಣೆ ಕಾಣುತ್ತದೆ. ಬನ್ನು, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದುಗಳು ಸ್ವಲ್ಪ ಪಕ್ಕಕ್ಕೆ ಸರಿಯುತ್ತವೆ. ಅವುಗಳ ನಡುವೆ ಒಂದು ತಟ್ಟೆಯಲ್ಲಿ ಕಂದು ಬಣ್ಣದ, ಅಂಗೈಯಗಲದ ಕಜ್ಜಾಯ ಬಂದು ಕೂರುತ್ತದೆ. ಹಬ್ಬ ಮುಗಿದು ನಾಲ್ಕು ದಿನಕ್ಕೆ ಆ ತಟ್ಟೆ ಮತ್ತೆ ಮಾಯ. ಈ ಕಜ್ಜಾಯದ ವಿಷಯವಾಗಿ ನಾಲ್ಕು ಮಾತು ತಮ್ಮೊಂದಿಗೆ ಹಂಚಿಕೊಳ್ಳೋಣ ಎಂದು ಇಂದು ಬಂದಿದ್ದೇನೆ.

ಕಜ್ಜಾಯವೆಂದರೆ ನಮ್ಮ ಭಾಗದವರಿಗೆ ಬರಿಯ ಸಿಹಿತಿಂಡಿಯಲ್ಲ. ದೀಪಾವಳಿಯ ದಿನಗಳಲ್ಲಿ ಕೇದಾರೇಶ್ವರನ ವ್ರತ ಹಿಡಿಯುವ ಮನೆಗಳಲ್ಲಿ ಅದು ದೇವರ ಮುಂದಿಡುವ ಪದಾರ್ಥ. ಇಪ್ಪತ್ತೊಂದು ಗಂಟಿನ ದಾರ, ಇಪ್ಪತ್ತೊಂದು ವೀಳ್ಯದೆಲೆ, ಇಪ್ಪತ್ತೊಂದು ಅಡಿಕೆ, ಇಪ್ಪತ್ತೊಂದು ಕಜ್ಜಾಯ. ಹಗಲೆಲ್ಲ ಉಪವಾಸವಿದ್ದು, ಸಂಜೆ ಪೂಜೆ ಮುಗಿಸಿ ಕೈಗೆ ದಾರ ಕಟ್ಟಿಸಿಕೊಂಡ ಮೇಲೆಯೇ ಬಾಯಿಗೆ ಕಜ್ಜಾಯ. ಇದನ್ನು ನಾವು ನೋಮು ಎನ್ನುತ್ತೇವೆ. ತೆಲುಗಿನವರೂ ನೋಮು ಎನ್ನುತ್ತಾರೆ. ತಮಿಳಿನವರು ನೋನ್ಬು ಎನ್ನುತ್ತಾರೆ. ಹಳಗನ್ನಡದಲ್ಲಿ ಇದೇ ನೋಂಪಿ. ಒಂದೇ ಬೀದಿಯ ಮೂರು ಮನೆಗಳಲ್ಲಿ ಮೂರು ಮಾತು, ಆದರೆ ಮೊರದಲ್ಲಿ ಎಣಿಸಿಡುವುದು ಅದೇ ಇಪ್ಪತ್ತೊಂದು.

ನಮ್ಮ ಮನೆಯಲ್ಲಿ ಈ ನೋಮು ಅತ್ತೆಯವರಿಂದ ಬಂದದ್ದು. ಅವರಿಗೀಗ ಎಂಬತ್ತು ದಾಟಿದೆ. ಹೋದ ವರ್ಷ ಅವರ ಮೊಣಕೈ ನೋವು ಹೆಚ್ಚಾಗಿ ಹಿಟ್ಟು ಕಲಸಲು ಆಗಲಿಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ಅಕ್ಕಿ ನೆನೆಸಿದ್ದೇನೆ, ಕುಟ್ಟಿದ್ದೇನೆ, ಜರಡಿ ಹಿಡಿದಿದ್ದೇನೆ, ಎಣ್ಣೆಯಲ್ಲಿ ಬೇಯಿಸಿದ್ದೇನೆ. ಪಾಕ ಮಾತ್ರ ಯಾವತ್ತೂ ಅವರದೇ. ಒಲೆಯ ಮುಂದೆ ಅವರು ಇದ್ದಾರಲ್ಲ ಎಂಬ ಧೈರ್ಯದಲ್ಲಿ ನಾನು ಅದನ್ನು ಕಲಿಯಲೇ ಇಲ್ಲ. ಕೊನೆಗೆ ಪೇಟೆಯ ಒಂದು ಅಂಗಡಿಯಿಂದ ಇಪ್ಪತ್ತೈದು ಕಜ್ಜಾಯ ಕಟ್ಟಿಸಿ ತಂದೆ. ಪೂಜೆಯಾಯಿತು. ದಾರ ಕಟ್ಟಿದ್ದಾಯಿತು. ಅತ್ತೆಯವರು ಒಂದು ಚೂರು ಮುರಿದು ಬಾಯಿಗಿಟ್ಟರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ದೇವರು ಒಪ್ಕೋತಾನಮ್ಮ, ನನಗೆ ಬೇಡ" ಎಂದು ಉಳಿದದ್ದನ್ನು ಎಲೆಯ ಅಂಚಿಗೆ ಸರಿಸಿದರು. ನಾವೆಲ್ಲ ನಕ್ಕೆವು. ಆದರೆ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಇದೇ ಸಮಯಕ್ಕೆ ನನ್ನ ಮೈದುನನ ಮಗಳ ಫೋನು ಬಂತು. ಅವಳು ಕೆಲಸದ ಮೇಲೆ ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿದ್ದಾಳೆ. ಕಥೆ ಕೇಳಿ, "ದೊಡ್ಡಮ್ಮ, ಇಲ್ಲಿಯವರಿಗೂ ಇಂಥದೇ ಒಂದು ಜಗಳ ಇದೆ" ಎಂದಳು. ಅವಳು ಹೇಳಿದ್ದು ಸೆಮ್ಲಾ ಎಂಬ ತಿಂಡಿಯ ವಿಷಯ.

ಸೆಮ್ಲಾ ಎಂದರೆ ಏಲಕ್ಕಿ ಹಾಕಿದ ಗೋಧಿಯ ಬನ್ನು. ಹೌದು, ನಮ್ಮ ಕಜ್ಜಾಯಕ್ಕೆ ಹಾಕುವ ಅದೇ ಏಲಕ್ಕಿ. ಬನ್ನಿನ ತಲೆಯನ್ನು ಮುಚ್ಚಳದಂತೆ ಕತ್ತರಿಸಿ, ಒಳಗಿನ ಮೆದುವನ್ನು ತೋಡಿ, ಅದಕ್ಕೆ ಅರೆದ ಬಾದಾಮಿ ಬೆರೆಸಿ ಮತ್ತೆ ತುಂಬುತ್ತಾರೆ. ಮೇಲೆ ಕಡೆದ ಕೆನೆ, ಅದರ ಮೇಲೆ ಅದೇ ಮುಚ್ಚಳ, ಸಕ್ಕರೆ ಪುಡಿ. ಸೆಮ್ಲಾ ಎಂಬ ಹೆಸರು ನಯವಾದ ಹಿಟ್ಟು ಎಂಬರ್ಥದ ಒಂದು ಲ್ಯಾಟಿನ್ ಮಾತಿನಿಂದ ಬಂದದ್ದು. ಈಸ್ಟರ್ ಹಬ್ಬಕ್ಕೆ ಮುಂಚೆ ಕ್ರೈಸ್ತರು ನಲವತ್ತು ದಿನ ಉಪವಾಸ ಹಿಡಿಯುವ ಪದ್ಧತಿ ಇದೆಯಲ್ಲ, ಅದು ಶುರುವಾಗುವುದಕ್ಕೆ ಹಿಂದಿನ ಮಂಗಳವಾರ ಈ ಬನ್ನನ್ನು ತಿನ್ನುವುದು ಅಲ್ಲಿಯ ವಾಡಿಕೆ. ಹದಿನಾರನೆಯ ಶತಮಾನದಲ್ಲಿ ಅವರ ಮತದಲ್ಲಿ ಸುಧಾರಣೆಯಾಗಿ ಉಪವಾಸದ ಕಟ್ಟು ಸಡಿಲವಾಯಿತು. ಬನ್ನು ಮಾತ್ರ ಉಳಿಯಿತು. ನಾವು ಉಪವಾಸ ಮುಗಿಸಿ ತಿನ್ನುತ್ತೇವೆ, ಅವರು ಉಪವಾಸಕ್ಕೆ ಮುಂಚೆ ತಿನ್ನುತ್ತಿದ್ದರು. ಅಷ್ಟೇ ವ್ಯತ್ಯಾಸ.

ಆ ಬನ್ನಿಗೆ ಒಬ್ಬ ರಾಜನ ಕಥೆಯೂ ಅಂಟಿಕೊಂಡಿದೆ. ಅಡಾಲ್ಫ್ ಫ್ರೆಡ್ರಿಕ್ ಎಂಬ ದೊರೆ 1771ರ ಫೆಬ್ರುವರಿ 12ರಂದು, ಅದೇ ಮಂಗಳವಾರದ ದಿನ, ಮೀನು ಮಾಂಸದ ಭಾರಿ ಊಟ ಮಾಡಿ, ಕೊನೆಗೆ ಬಿಸಿಹಾಲಿನಲ್ಲಿ ನೆನೆಸಿದ ಇದೇ ಬನ್ನು ತಿಂದು, ಅಂದೇ ತೀರಿಕೊಂಡನು. ತಿಂದು ತಿಂದು ಸತ್ತ ದೊರೆ ಎಂದು ಅಲ್ಲಿಯ ಮಕ್ಕಳಿಗೆ ಇಂದಿಗೂ ಅವನ ಪರಿಚಯ. ನಮ್ಮಲ್ಲಿ ಕಜ್ಜಾಯ ತಿಂದು ಹೊಟ್ಟೆ ಕೆಡಿಸಿಕೊಂಡವರಿದ್ದಾರೆ, ಸಿಂಹಾಸನ ಕಳೆದುಕೊಂಡವರನ್ನು ನಾನಂತೂ ಕೇಳಿಲ್ಲ.

ಈಗಿನ ಜಗಳ ಏನೆಂದರೆ, ವರ್ಷಕ್ಕೊಂದು ದಿನದ ಆ ತಿಂಡಿ ಈಗ ಕ್ರಿಸ್‌ಮಸ್ ಕಳೆಯುತ್ತಿದ್ದಂತೆಯೇ ಬೇಕರಿಗೆ ಬಂದುಬಿಡುತ್ತದೆ. ಹಳಬರು ಗೊಣಗುತ್ತಾರೆ, ಹೊಸಬರು ಸಾಲು ನಿಂತು ಕೊಳ್ಳುತ್ತಾರೆ. ಪತ್ರಿಕೆಯವರು ಪ್ರತಿ ವರ್ಷ ಊರಿನ ಬೇಕರಿಗಳ ಸೆಮ್ಲಾಗಳನ್ನೆಲ್ಲ ತರಿಸಿ, ರುಚಿ ನೋಡಿ, ಅಂಕ ಹಾಕಿ ಪ್ರಕಟಿಸುತ್ತಾರಂತೆ. "ನೀವೂ ಹಾಗೆ ಮಾಡಿ ನೋಡಿ ದೊಡ್ಡಮ್ಮ, ಸುಮ್ಮನೆ ಬೇಜಾರು ಮಾಡ್ಕೊಳ್ಳೋದು ಯಾಕೆ?" ಎಂದಳು ಹುಡುಗಿ.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಈ ವರ್ಷ ಹಬ್ಬಕ್ಕೆ ಮೊದಲು ಹೊಸೂರು, ಡೆಂಕಣಿಕೋಟೆಗಳಿಗೆ ಬೇರೆ ಕೆಲಸದ ಮೇಲೆ ಹೋಗಿದ್ದಾಗ ಒಂದೊಂದು ಅಂಗಡಿಯಿಂದ, ಕೆಲಮಂಗಲದ ಎರಡು ಅಂಗಡಿಗಳಿಂದ, ಹೀಗೆ ನಾಲ್ಕು ಕಡೆಯ ಕಜ್ಜಾಯ ತಂದೆ. ಅಂಗಡಿಗಳ ಹೆಸರು ಹೇಳುವುದಿಲ್ಲ, ಯಾರ ವ್ಯಾಪಾರಕ್ಕೂ ಅಡ್ಡಿ ಬೇಡ.

ಬೇಕರಿ ಎಂಬುದೇ ನಮ್ಮ ಕಡೆಗೆ ಬಂದು ಬಹಳ ಕಾಲವಾಗಿಲ್ಲ ಎಂಬುದನ್ನೂ ನೆನಪಿಡಬೇಕು. ಹಾಸನದ ಕಡೆಯ ಎಚ್. ಎಸ್. ತಿರುಮಲಾಚಾರ್ ಅವರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದದ್ದು 1898ರಲ್ಲಿ. ಆಮೇಲೆ ಹಾಸನ ಸೀಮೆಯ ಎಷ್ಟೋ ಮನೆತನಗಳು ಅದೇ ಕಸುಬು ಹಿಡಿದು ಊರೂರಿಗೆ ಹೋದವು. ಬ್ರೆಡ್ಡು, ಬನ್ನು ಬೇಯುವುದು ಬಿಸಿ ಗೂಡಿನಲ್ಲಿ, ಕಜ್ಜಾಯ ಬೇಯುವುದು ಬಾಣಲೆಯಲ್ಲಿ. ಒಂದು ಕಸುಬು ಬಲ್ಲವನಿಗೆ ಇನ್ನೊಂದು ತಾನಾಗಿ ಬರುವುದಿಲ್ಲ. ಆದರೂ ಗಿರಾಕಿ ಕೇಳುತ್ತಾರೆ, ಅಂಗಡಿಯವರು ಇಡುತ್ತಾರೆ.

ಈಗ ರುಚಿಗೆ ಬರೋಣ. ಅತ್ತೆಯವರೇ ನ್ಯಾಯಾಧೀಶರು. ನಾಲ್ಕನ್ನೂ ಮುರಿದೆವು, ಮೂಸಿದೆವು, ಕಾಗದದ ಮೇಲಿಟ್ಟು ಒತ್ತಿದೆವು, ಒಂದೊಂದನ್ನು ಡಬ್ಬಿಯಲ್ಲಿ ನಾಲ್ಕು ದಿನ ಇಟ್ಟೆವು. ಮೊದಲನೆಯದು ನೋಡಲು ಬಲು ಚೆನ್ನ, ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. ಮುರಿದರೆ ಬಿಸ್ಕತ್ತಿನಂತೆ ಟಪ್ಪೆಂದಿತು. ಬೆಲ್ಲದ ವಾಸನೆಯೇ ಇಲ್ಲ. "ಬೆಲ್ಲದ ಬಣ್ಣ ಇದೆ, ಸಕ್ಕರೆ ರುಚಿ ಇದೆ" ಎಂದರು ಅತ್ತೆ. ಎರಡನೆಯದು ಸ್ಪಂಜಿನಂತೆ ಉಬ್ಬಿತ್ತು, ನಾಲಗೆಗೆ ಸೋಡಾ ತಗುಲಿತು. ಮೂರನೆಯದರ ರುಚಿ ಪರವಾಗಿಲ್ಲ, ಆದರೆ ಕಾಗದವೆಲ್ಲ ಎಣ್ಣೆಯಾಯಿತು, ನಾಲ್ಕನೆಯ ದಿನಕ್ಕೆ ಎಣ್ಣೆ ಕಮಟು ಹಿಡಿಯಿತು. ನಾಲ್ಕನೆಯದು ಕೆಲಮಂಗಲದ್ದೇ ಒಂದು ಚಿಕ್ಕ ಅಂಗಡಿಯದು. ಒಂದು ದೊಡ್ಡದು, ಒಂದು ಚಿಕ್ಕದು, ಅಂಚು ಸೊಟ್ಟ. ಮುರಿದರೆ ಹೊರಗೆ ತೆಳ್ಳನೆ ಗರಿ, ಒಳಗೆ ಮೆತ್ತಗೆ, ಎಳ್ಳು ಗಸಗಸೆ ಹಲ್ಲಿಗೆ ಸಿಗುತ್ತವೆ. ನಾಲ್ಕನೆಯ ದಿನ ಅದರ ರುಚಿ ಮೊದಲಿಗಿಂತ ಹೆಚ್ಚಾಯಿತು. ಅತ್ತೆಯವರು ಒಂದು ಪೂರ್ತಿ ತಿಂದು, "ಇದನ್ನು ಮಾಡಿದೋರು ಯಾರು, ಕೇಳ್ಕೊಂಡು ಬಾ" ಎಂದರು.

ಹೋಗಿ ಕೇಳಿದೆ. ಬೇಕರಿಯವರು ಮಾಡಿದ್ದಲ್ಲ. ಎರಡು ಬೀದಿ ಆಚೆಯ ಒಬ್ಬ ತಮಿಳು ಹೆಣ್ಣುಮಗಳು ಹಬ್ಬದ ಕಾಲದಲ್ಲಿ ಮಾಡಿ ಅಲ್ಲಿಗೆ ಕೊಡುತ್ತಾಳೆ. ಅವಳ ಮನೆಗೇ ಹೋದೆ. ಗುಟ್ಟೇನು ಎಂದು ಕೇಳಿದ್ದಕ್ಕೆ, "ಪದಂ ತೆರಿಂಜಾ ಪೋದುಂ ಅಕ್ಕಾ" ಎಂದು ನಕ್ಕಳು. ಹದ ತಿಳಿದರೆ ಸಾಕು ಎಂದು ಅವಳ ಮಾತಿನ ಅರ್ಥ. ಹಿಂದಿರುಗುವಾಗ ದಾರಿಯಲ್ಲಿ ಹೊಳೆಯಿತು. ಅವರ ಪಾಲ್ ನಮ್ಮ ಹಾಲು, ಅವರ ಪಲ್ ನಮ್ಮ ಹಲ್ಲು, ಅವರ ಪೂ ನಮ್ಮ ಹೂ. ಹಾಗೆಯೇ ಅವರ ಪದಂ ನಮ್ಮ ಹದ. ಅವಳು ಹೇಳಿದ್ದೂ ನಮ್ಮ ಅತ್ತೆ ದಿನವೂ ಹೇಳುತ್ತಿದ್ದದ್ದೂ ಒಂದೇ ಮಾತು.

ಆ ಹದ ಎಂದರೆ ಏನೆಂದು ಈಗ ನಾನು ಬಲ್ಲೆ, ತಮಗೂ ಹೇಳುತ್ತೇನೆ. ಅಕ್ಕಿಯನ್ನು ನೆನೆಸಿ, ಬಸಿದು, ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಬೇಕು. ಪೂರ್ತಿ ಒಣಗಬಾರದು, ಮುಟ್ಟಿದರೆ ಕೈಗೆ ತಂಪು ತಾಗಬೇಕು. ಆ ತೇವದ ಅಕ್ಕಿಯನ್ನೇ ಕುಟ್ಟಿ ಜರಡಿ ಹಿಡಿಯಬೇಕು. ತೇವದ ಹಿಟ್ಟು ಪಾಕವನ್ನು ಸಮವಾಗಿ ಕುಡಿಯುತ್ತದೆ. ಪ್ಯಾಕೆಟ್ಟಿನ ಒಣಹಿಟ್ಟು ಹಾಗೆ ಕುಡಿಯುವುದಿಲ್ಲ, ಅದಕ್ಕೇ ಕಜ್ಜಾಯ ಒಡೆಯುತ್ತದೆ. ಒಂದು ಸೇರು ಅಕ್ಕಿಗೆ ಸುಮಾರು ಮುಕ್ಕಾಲು ಸೇರು ಬೆಲ್ಲ. ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟರೆ ಅದು ಕರಗಬಾರದು, ಬೆರಳಿನಲ್ಲಿ ಕೂಡಿಸಿದರೆ ಮೆತ್ತನೆಯ ಉಂಡೆಯಾಗಬೇಕು. ಅದಕ್ಕೆ ಮುಂಚೆ ಇಳಿಸಿದರೆ ಕಜ್ಜಾಯ ಎಣ್ಣೆಯಲ್ಲಿ ಚೂರು ಚೂರು. ತಡವಾಗಿ ಇಳಿಸಿದರೆ ಕಲ್ಲು. ಹಿಟ್ಟು ಬೆರೆಸಿ, ತುಪ್ಪ ಸವರಿ, ಮುಚ್ಚಿ, ಕಡಿಮೆಯೆಂದರೆ ಒಂದು ರಾತ್ರಿ ಇಡಬೇಕು. ಬಾಳೆಲೆಯ ಮೇಲೆ ತಟ್ಟಿ ಸಣ್ಣ ಉರಿಯಲ್ಲಿ ಬೇಯಿಸಿ, ತೆಗೆದ ಕೂಡಲೇ ಎರಡು ಸಟ್ಟುಗದ ನಡುವೆ ಒತ್ತಿ ಎಣ್ಣೆ ಹಿಂಡಬೇಕು. ಇಷ್ಟರಲ್ಲಿ ಎಲ್ಲಿಯೂ ಅವಸರಕ್ಕೆ ಜಾಗವಿಲ್ಲ. ಅಂಗಡಿಯವರಿಗೆ ಇಲ್ಲದಿರುವುದು ಆ ಪುರುಸೊತ್ತೇ.

ಇದು ನಿನ್ನೆ ಮೊನ್ನೆಯ ತಿಂಡಿಯೂ ಅಲ್ಲ. ತಿರುಮಲೆಯ ದೇವಸ್ಥಾನದ ಹದಿನೈದು ಹದಿನಾರನೆಯ ಶತಮಾನದ ಶಾಸನಗಳಲ್ಲಿ ದೇವರಿಗೆ ಅತಿರಸದ ನೈವೇದ್ಯ ನಡೆಸಲು ದಾನ ಕೊಟ್ಟ ವಿವರಗಳಿವೆ. ತಮಿಳಿನವರು ಇಂದಿಗೂ ಅದಿರಸಂ ಎನ್ನುತ್ತಾರೆ, ಕರಾವಳಿಯ ಕನ್ನಡಿಗರು ಅತ್ರಸ ಎನ್ನುತ್ತಾರೆ, ತೆಲುಗಿನವರಿಗೆ ಅರಿಸೆಲು, ಮರಾಠಿಗರಿಗೆ ಅನಾರಸೆ. ತೆಲುಗು ಮನೆಗೆ ಹೋಗಿ ಕಜ್ಜಾಯವನ್ನು ನೆನೆದು ಕಜ್ಜಿಕಾಯ ಎಂದು ಕೇಳಿದಿರೋ, ಕೈಗೆ ಕರ್ಜಿಕಾಯಿ ಬರುತ್ತದೆ. ಮದುವೆಯಾದ ಹೊಸದರಲ್ಲಿ ನಾನು ಹಾಗೆ ಕೇಳಿ, ನಾಚಿಕೆಯಿಂದ ಬಾಯಿಬಿಡದೆ ತಿಂದು ಬಂದದ್ದುಂಟು.

ಇತ್ತ ಸ್ಟಾಕ್‌ಹೋಮಿನ ಹುಡುಗಿಯೂ ಸುಮ್ಮನಿರಲಿಲ್ಲ. ಅಲ್ಲಿಯ ಭಾರತೀಯ ಅಂಗಡಿಯಿಂದ ಬೆಲ್ಲ ತಂದು, ಪ್ಯಾಕೆಟ್ಟಿನ ಅಕ್ಕಿಹಿಟ್ಟಿನಲ್ಲಿ ಕಜ್ಜಾಯಕ್ಕೆ ಕೈಹಾಕಿದಳು. "ಎಣ್ಣೇಲಿ ಎಲ್ಲಾ ಕದಡಿ ಹೋಯ್ತು ದೊಡ್ಡಮ್ಮ" ಎಂದು ಅಳುವ ದನಿಯಲ್ಲಿ ಫೋನು ಮಾಡಿದಳು. ಆಗ ಅತ್ತೆಯವರು ನನ್ನ ಕೈಯಿಂದ ಫೋನು ತೆಗೆದುಕೊಂಡರು. ಮಾರನೆಯ ವಾರ ಎರಡು ಅಡುಗೆಮನೆಯಲ್ಲಿ ಒಂದೇ ಸಲ ಪಾಠ ನಡೆಯಿತು. ಇಲ್ಲಿ ನಾನು, ಅಲ್ಲಿ ಅವಳು, ನಡುವೆ ಮಣೆಯ ಮೇಲೆ ಕೂತ ಅತ್ತೆಯವರು. "ನೀರಿಗೆ ಬಿಡು, ಈಗ ಕೂಡಿಸು, ಆಗಲಿಲ್ಲ, ಇನ್ನೊಂದು ಕುದಿ ಬರಲಿ." ನನ್ನ ಮೊದಲ ಪಾಕ ಗಟ್ಟಿಯಾಯಿತು. ಅವಳದು ಹದಕ್ಕೆ ಬಂತು. ಮೂವತ್ತು ವರ್ಷ ಪಕ್ಕದಲ್ಲಿ ನಿಂತವಳಿಗಿಂತ ಫೋನಿನಲ್ಲಿ ಕೇಳಿದವಳೇ ವಾಸಿ ಎಂದು ಅತ್ತೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಎರಡನೆಯ ಸಲ ನನಗೂ ಬಂತು.

ಬಂಧುಗಳೆ, ಬೇಕರಿಯ ಕಜ್ಜಾಯ ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಕೈಲಾಗದವರಿದ್ದಾರೆ, ಬೆಳಗ್ಗೆ ಹೊಸೂರಿನ ಕಾರ್ಖಾನೆಗೆ ಹೋದರೆ ರಾತ್ರಿ ಮನೆ ಸೇರುವವರಿದ್ದಾರೆ. ನೋಮು ನಿಲ್ಲಿಸುವುದಕ್ಕಿಂತ ಕೊಂಡು ತಂದು ಇಡುವುದು ಮೇಲು. ಆದರೆ ಕೊಳ್ಳುವಾಗ ಮುರಿದು ನೋಡಿ, ಮೂಸಿ ನೋಡಿ, ಯಾರು ಮಾಡಿದ್ದು ಎಂದು ಕೇಳಿ. ಕೇಳುವ ಗಿರಾಕಿ ಇದ್ದರೆ ಅಂಗಡಿಯವನೂ ಬೆಲ್ಲ ಹಾಕಿಸುತ್ತಾನೆ, ಬಲ್ಲವರಿಂದ ಮಾಡಿಸುತ್ತಾನೆ. ಕೇಳುವ ನಾಲಗೆ ಬೆಳೆಯಬೇಕಾದರೆ ಬೀದಿಗೊಂದು ಮನೆಯಲ್ಲಾದರೂ ಸರಿಯಾದ ಕಜ್ಜಾಯ ಬೇಯುತ್ತಿರಬೇಕು, ಮಕ್ಕಳು ಅದನ್ನು ತಿಂದಿರಬೇಕು. ನಿಮ್ಮ ಮನೆಯಲ್ಲಿ ಪಾಕ ಬಲ್ಲ ಹಿರಿಯರಿದ್ದರೆ, ಅವರ ಕೈ ನಡೆಯುತ್ತಿರುವಾಗಲೇ ಒಂದು ಸಲ ಪಕ್ಕದಲ್ಲಿ ಕೂತು, ಚಮಚವನ್ನು ನೀವು ಹಿಡಿಯಿರಿ. ನಾನು ತಡಮಾಡಿದೆ. ಅತ್ತೆಯವರು ಇದ್ದರು, ಅದು ನನ್ನ ಪುಣ್ಯ.

ಈ ಸಲ ನಮ್ಮ ಮನೆಯ ಇಪ್ಪತ್ತೊಂದರಲ್ಲಿ ಐದಾರು ಸೊಟ್ಟಗಿದ್ದವು. ಎರಡನ್ನು ಆ ತಮಿಳು ಹೆಣ್ಣುಮಗಳ ಮನೆಗೆ ಕೊಟ್ಟು ಬಂದೆ. ಅವಳು ಮುರಿದು ಬಾಯಿಗೆ ಹಾಕಿಕೊಂಡು ತಲೆದೂಗಿದಳು. ಅತ್ತೆಯವರು ಒಂದು ತಿಂದು, ಇನ್ನೊಂದಕ್ಕೆ ಕೈ ಚಾಚಿದರು. ನನಗೆ ಅಷ್ಟು ಸಾಕಾಯಿತು.